ತಾಮ್ರದ ಕವಚ ತೊಡಿಸಿದ ಮಹನೀಯ : ಡಾ. ಲೆಸ್ಲಿ ಕೋಲ್ಮನ್

ತುಮಕೂರಿನಿಂದ ಗುಬ್ಬಿಯ ಕಡೆಗಾಗಲಿ, ಕುಣಿಗಲ್ಲಿನ ಕಡೆಗಾಗಲಿ ಪಯಣಿಸುವವರ ಕಣ್ಣಿಗೆ ಕೆರೆಗಳ ಕೆಳಗಿನ ತಗ್ಗುಗಳಲ್ಲಿ ಸಾಲುಗಟ್ಟಿ ನಿಂತ ತೆಂಗು ಅಡಿಕೆಗಳ ತೋಟಗಳು ತಪ್ಪದೆ ಗೋಚರಿಸುತ್ತವೆ. ಬಯಲುಸೀಮೆಯ ಬಿಸಿಲಿನ ನಡುವೆ ಈ ಹಸುರು ಗೆರೆಗಳು ತಲೆಮಾರುಗಳ ದುಡಿಮೆಯ ಫಲವಾಗಿವೆ. ಗುಬ್ಬಿಯ ಪೇಟೆಗೂ ಅಡಿಕೆಗೂ ಇರುವ ನಂಟು ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನ ಅಡಿಕೆಯು ಎತ್ತಿನ ಮೇಲೆ ಹೇರಾಗಿ ಗುಬ್ಬಿಗೆ ಬಂದು, ಅಲ್ಲಿಂದ ಪೂರ್ವಕ್ಕೆ ವಾಲಾಜಾಪೇಟೆಯತ್ತ ಸಾಗುತ್ತಿತ್ತು. ಹೀಗಾಗಿ ಮಲೆನಾಡಿನಲ್ಲಿ ಮಳೆಗಾಲದ ಒಂದು ರೋಗವು ಅಡಿಕೆಯ ಗೊನೆಗಳನ್ನು ನೆಲಕ್ಕೆ ಉರುಳಿಸಿದರೆ, ಅದರ ಕಷ್ಟವು ಘಟ್ಟದ ಅಂಚಿನಲ್ಲಿಯೇ ನಿಲ್ಲದೆ ಬಯಲುಸೀಮೆಯ ಪೇಟೆಗಳ ತಕ್ಕಡಿಯವರೆಗೂ ಬರುತ್ತಿತ್ತು.

ಆ ರೋಗದ ಹೆಸರು ಕೊಳೆರೋಗ. ಅದರ ಕಾರಣವನ್ನು ಶಾಸ್ತ್ರೀಯವಾಗಿ ಕಂಡುಹಿಡಿದು, ತಾಮ್ರದ ಲವಣವೊಂದನ್ನು ಅದಕ್ಕೆ ಎದುರಾಗಿ ನಿಲ್ಲಿಸಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರು. ದೂರದ ಕೆನಡಾ ದೇಶದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ರೈತರಿಗಾಗಿ ತಮ್ಮ ಬಾಳಿನ ಇಪ್ಪತ್ತಾರು ವರ್ಷಗಳನ್ನು ಸವೆಸಿದ ಈ ವಿಜ್ಞಾನಿಯ ಜೀವನವು ವಿದ್ಯಾಸಂಸ್ಥೆಗಳಲ್ಲಿ ಕಲಿಯುವವರಿಗೂ ಕಲಿಸುವವರಿಗೂ ಮನನಯೋಗ್ಯವಾದುದು. ಲೋಹಗಳಿಂದ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ಹೊಸ ಔಷಧಗಳಿಗಾಗಿ ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವ ಅನ್ವೇಷಣೆಗೆ, ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಅಡಿಕೆಯ ತೋಟಗಳಲ್ಲಿ ಅವರು ನಡೆಸಿದ ಕಾರ್ಯವು ಹತ್ತಿರದ ಸಂಬಂಧಿಯೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೋಲ್ಮನ್ನರು ೧೮೭೮ರ ಜೂನ್ ತಿಂಗಳಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಡರ್‌ಹ್ಯಾಮ್ ಸೀಮೆಯಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಅಂದಿನ ದಿನಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರಕ್ಕೆ ಜರ್ಮನಿಯು ತವರುಮನೆಯಂತಿತ್ತು. ಅಲ್ಲಿನ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವರು ಆರಿಸಿಕೊಂಡ ವಿಷಯ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಸಂಬಂಧಿಸಿದುದು. ಗೊಬ್ಬರದಿಂದ ಹುಟ್ಟುವ ಅಮೋನಿಯವನ್ನು ಸಸ್ಯಗಳು ಹೀರಬಲ್ಲ ನೈಟ್ರೇಟನ್ನಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳ ಬಗ್ಗೆ ಅವರು ನಡೆಸಿದ ಸಂಶೋಧನೆಯು ೧೯೦೮ರಲ್ಲಿ ಪ್ರಕಟವಾಯಿತು.

ಕಣ್ಣಿಗೆ ಕಾಣದ ಜೀವಿಗಳು ಹೊಲದ ಭಾಗ್ಯವನ್ನು ಹೇಗೆ ನಿರ್ಧರಿಸುತ್ತವೆ ಎಂಬ ತಿಳಿವು ಅವರಿಗೆ ಹೀಗೆ ಮೊದಲಿನಿಂದಲೇ ದೊರೆತಿತ್ತು. ಸೂಕ್ಷ್ಮಜೀವಿಗಳಲ್ಲಿ ಪೋಷಕವಾದುವೂ ಉಂಟು, ಮಾರಕವಾದುವೂ ಉಂಟು. ಮಾರಕವಾದುದನ್ನು ತಡೆಯುವಾಗ ಪೋಷಕವಾದುದಕ್ಕೆ ಕೇಡಾಗದಂತೆ ನೋಡಿಕೊಳ್ಳಬೇಕೆಂಬ ವಿವೇಕವು ಈ ಶಾಸ್ತ್ರದ ಮೊದಲ ಪಾಠ. ಮುಂದೆ ತಾಮ್ರದ ಔಷಧದ ಕಥೆಯಲ್ಲಿ ಈ ಪಾಠವು ಮತ್ತೆ ನೆನಪಿಗೆ ಬರಲಿದೆ.

ಮೈಸೂರಿಗೆ ಆಗಮನ

ಮೈಸೂರು ಸಂಸ್ಥಾನವು ವ್ಯವಸಾಯವನ್ನು ವಿಜ್ಞಾನದ ತಳಹದಿಯ ಮೇಲೆ ನಿಲ್ಲಿಸಲು ಹಂಬಲಿಸುತ್ತಿದ್ದ ಕಾಲವದು. ೧೮೯೯ರಲ್ಲಿ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ವ್ಯವಸಾಯ ಪ್ರಯೋಗಗಳಿಗಾಗಿ ದಾನವಿತ್ತಿದ್ದರು. ರಸಾಯನಶಾಸ್ತ್ರಜ್ಞರಾದ ಡಾ. ಅಡಾಲ್ಫ್ ಲೆಹ್ಮನ್ ಅವರು ಅಲ್ಲಿ ಮಣ್ಣು ಗೊಬ್ಬರಗಳ ಪರೀಕ್ಷೆಯನ್ನು ಆರಂಭಿಸಿದ್ದರು. ಆದರೆ ಬೆಳೆಗಳಿಗೆ ತಗಲುವ ರೋಗಗಳನ್ನೂ ಕೀಟಗಳನ್ನೂ ಬಲ್ಲ ತಜ್ಞರು ಇರಲಿಲ್ಲ. ಆ ಸ್ಥಾನಕ್ಕೆ ೧೯೦೮ರಲ್ಲಿ ಕೋಲ್ಮನ್ನರು ನೇಮಕಗೊಂಡರು. ಆಗ ಅವರ ವಯಸ್ಸು ಸುಮಾರು ಮೂವತ್ತು.

ಶಿಲೀಂಧ್ರ ಹಾಗೂ ಕೀಟಗಳ ತಜ್ಞರೆಂಬ ಎರಡು ಹೊಣೆಗಳನ್ನು ಒಬ್ಬರೇ ಹೊತ್ತು ಅವರು ಕಾರ್ಯಾರಂಭ ಮಾಡಿದರು. ಜೋಳದ ಹೊಲಗಳನ್ನು ಹಾಳುಗೆಡವುತ್ತಿದ್ದ ರೆಕ್ಕೆಯಿಲ್ಲದ ಒಂದು ಬಗೆಯ ಮಿಡತೆಯನ್ನು ಅವರು ಅಭ್ಯಸಿಸಿದರು. ೧೯೧೦ರಲ್ಲಿ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ ಅವರು ಆ ಮಿಡತೆಗೆ ಶಾಸ್ತ್ರೀಯ ನಾಮಕರಣ ಮಾಡುವಾಗ ಅದರ ಕುಲಕ್ಕೆ ಕೋಲ್ಮೇನಿಯ ಎಂದೇ ಹೆಸರಿಟ್ಟರು. ಭತ್ತದ ಮಿಡತೆಯ ಮೇಲಿನ ಅಧ್ಯಯನದಲ್ಲಿ ಕೆ. ಕುಂಞಿಕಣ್ಣನ್ ಅವರು ಕೋಲ್ಮನ್ನರೊಂದಿಗೆ ಸೇರಿದ್ದರು. ಈ ನೆಲದ ತರುಣರನ್ನು ಜೊತೆಗೆ ಕೂರಿಸಿಕೊಂಡು ಕೆಲಸ ಮಾಡುವುದು, ಫಲವನ್ನು ಅವರೊಂದಿಗೆ ಹಂಚಿಕೊಳ್ಳುವುದು ಕೋಲ್ಮನ್ನರ ಕಾರ್ಯವಿಧಾನದ ಒಂದು ಲಕ್ಷಣವಾಗಿತ್ತು.

ಕೊಳೆರೋಗದ ಮೂಲ

ಆದರೆ ಅವರನ್ನು ಹೆಸರುವಾಸಿಯಾಗಿಸಿದುದು ಅಡಿಕೆಯ ಕೊಳೆರೋಗದ ಅಧ್ಯಯನ. ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಮುಂಗಾರು ಹಿಡಿದ ಕೆಲವು ವಾರಗಳಲ್ಲಿಯೇ ಈ ರೋಗವು ತಲೆದೋರುತ್ತಿತ್ತು. ಎಳೆಯ ಹಸುರು ಕಾಯಿಯ ಮೇಲೆ ಮೊದಲು ನೀರಿನಲ್ಲಿ ನೆನೆದಂತಹ ಕಪ್ಪುಛಾಯೆಯ ಕಲೆ ಮೂಡುತ್ತಿತ್ತು. ಕಲೆಯು ಹರಡಿದಂತೆ ಕಾಯಿ ತೊಟ್ಟು ಕಳಚಿ ಬೀಳುತ್ತಿತ್ತು. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹತ್ತಿಯಂತೆ ಮುತ್ತಿಕೊಳ್ಳುತ್ತಿತ್ತು. ಮಳೆ ಬಿಡದೆ ಹಿಡಿದ ವರ್ಷ ತೋಟದ ನೆಲವೆಲ್ಲ ಉದುರಿದ ಕಾಯಿಗಳಿಂದ ತುಂಬುತ್ತಿತ್ತು. ಕೆಲವು ಮರಗಳಲ್ಲಿ ರೋಗವು ಸುಳಿಗೂ ಇಳಿದು ಮರವನ್ನೇ ಕೊಲ್ಲುತ್ತಿತ್ತು. ಅಡಿಕೆಯ ಮರವು ಫಲ ಕೊಡಲು ಹಲವು ವರ್ಷಗಳು ಬೇಕಾಗುವುದರಿಂದ, ಮರ ಸತ್ತರೆ ಆ ಸ್ಥಳದ ಆದಾಯವು ಬಹುಕಾಲ ನಿಂತುಹೋಗುತ್ತಿತ್ತು. ಸಾಲ ತಂದು ತೋಟ ಮಾಡಿದ ಕುಟುಂಬಕ್ಕೆ ಒಂದು ಕೆಟ್ಟ ಮಳೆಗಾಲವೇ ಸಾಕಾಗುತ್ತಿತ್ತು.

ಮಲೆನಾಡಿನ ತೋಟಗಾರರು ಕೈಕಟ್ಟಿ ಕುಳಿತವರಲ್ಲ. ಗೊನೆಗಳಿಗೆ ಹಾಳೆಯ ಅಥವಾ ಹುಲ್ಲಿನ ಹೊದಿಕೆಯನ್ನು ಕಟ್ಟಿ ಮಳೆಯ ನೀರು ತಾಗದಂತೆ ಮಾಡುವ ಪದ್ಧತಿಯನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು. ಕೊಟ್ಟೆ ಕಟ್ಟುವುದೆಂದು ಕರೆಯುವ ಈ ಕ್ರಮವು ಫಲಕಾರಿಯಾಗಿತ್ತು. ಆದರೆ ಪ್ರತಿಯೊಂದು ಮರವನ್ನೂ ಹತ್ತಿ ಪ್ರತಿಯೊಂದು ಗೊನೆಗೂ ಹೊದಿಕೆ ಕಟ್ಟುವುದು ಬಹಳ ಶ್ರಮದ ಮತ್ತು ವೆಚ್ಚದ ಕಾರ್ಯ. ನುರಿತ ಆಳುಗಳು ಸಾಕಷ್ಟು ದೊರೆಯದಿದ್ದರೆ ತೋಟದ ಬಹುಭಾಗ ಮಳೆಗೆ ತೆರೆದೇ ಉಳಿಯುತ್ತಿತ್ತು.

ಕೋಲ್ಮನ್ನರು ರೋಗ ತಗಲಿದ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ, ಅದು ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದುದೆಂದು ನಿರ್ಧರಿಸಿದರು. ತಮ್ಮ ಸಂಶೋಧನೆಯನ್ನು ಅವರು ೧೯೧೦ರಲ್ಲಿ ಇಲಾಖೆಯ ಪತ್ರಿಕೆಯಾಗಿ ಪ್ರಕಟಿಸಿದರು. ಅವರು ಉಪಭೇದವೆಂದು ವರ್ಣಿಸಿದ ಈ ಜೀವಿಯನ್ನು ಅನಂತರ ೧೯೧೩ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿಯು ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಿದನು. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದ ರೋಗಾಣುವೂ ಇದೇ ಕುಲಕ್ಕೆ ಸೇರಿದುದು. ಅಂದು ಇವೆಲ್ಲವನ್ನೂ ಶಿಲೀಂಧ್ರಗಳೆಂದೇ ಎಣಿಸುತ್ತಿದ್ದರು. ಇಂದಿನ ಸಸ್ಯಶಾಸ್ತ್ರವು ಇವನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ಕಂದುಬಣ್ಣದ ಪಾಚಿಗಳಿಗೆ ಹತ್ತಿರದ ಬಂಧುಗಳೆಂದು ತಿಳಿಯುತ್ತದೆ.

ಈ ರೋಗಾಣುವಿನ ಜೀವನಕ್ರಮದಲ್ಲಿಯೇ ಅದರ ದೌರ್ಬಲ್ಯವೂ ಅಡಗಿದೆ. ನಿಂಬೆಯ ಆಕಾರದ ಸೂಕ್ಷ್ಮ ಚೀಲಗಳಿಂದ ಈಜಬಲ್ಲ ಬೀಜಕಣಗಳು ಹೊರಬಿದ್ದು, ಕಾಯಿಯ ಮೇಲಿನ ಮಳೆನೀರಿನ ಪದರದಲ್ಲಿ ಚಲಿಸಿ, ಒಂದೆಡೆ ನೆಲೆನಿಂತು ಮೊಳೆತು ಒಳನುಗ್ಗುತ್ತವೆ. ಒಳಹೊಕ್ಕ ಮೇಲೆ ಅವನ್ನು ಹೊರದೂಡುವುದು ಅಸಾಧ್ಯ. ಆದರೆ ನೀರಿನ ಪದರದಲ್ಲಿ ಈಜುತ್ತಿರುವ ಆ ಅಲ್ಪಕಾಲದಲ್ಲಿ ಅವುಗಳಿಗೆ ರಕ್ಷಣೆಯ ಗಟ್ಟಿ ಗೋಡೆಯೇ ಇರುವುದಿಲ್ಲ. ಆ ಕ್ಷಣದಲ್ಲಿ ಅವುಗಳ ದಾರಿಯಲ್ಲಿ ಒಂದಿಷ್ಟು ತಾಮ್ರವಿದ್ದರೆ ಸಾಕು, ಅವು ನಾಶವಾಗುತ್ತವೆ.

ಮೈಲುತುತ್ತ ಮತ್ತು ಸುಣ್ಣ

ತಾಮ್ರದ ಈ ಶಕ್ತಿಯನ್ನು ಮೊದಲಿಗೆ ಲೋಕಕ್ಕೆ ತೋರಿದವನು ಫ್ರಾನ್ಸ್ ದೇಶದ ಬೋರ್ಡೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಿಲಾರ್ಡೆ. ಅಲ್ಲಿನ ದ್ರಾಕ್ಷಿಯ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಎಲೆಯ ಬೂಷ್ಟುರೋಗ ತಗಲದಿರುವುದನ್ನು ೧೮೮೨ರಲ್ಲಿ ಗಮನಿಸಿದ ಮಿಲಾರ್ಡೆ, ಪರೀಕ್ಷೆಗಳನ್ನು ನಡೆಸಿ ೧೮೮೫ರಲ್ಲಿ ಈ ಮಿಶ್ರಣವನ್ನು ಪ್ರಕಟಿಸಿದನು. ಆ ನಗರದ ಹೆಸರಿನಿಂದಲೇ ಅದು ಬೋರ್ಡೋ ದ್ರಾವಣವೆನಿಸಿತು.

ಇದನ್ನು ಮಲೆನಾಡಿಗೆ ತರುವುದು ಸುಲಭವಾಗಿರಲಿಲ್ಲ. ಆಳೆತ್ತರದ ದ್ರಾಕ್ಷಿಯ ಬಳ್ಳಿಗೆ ಔಷಧ ಎರಚುವುದಕ್ಕೂ, ಕಂಬದಂತೆ ಮುಗಿಲಿಗೇರಿದ ಅಡಿಕೆಯ ಮರದ ಗೊನೆಗೆ ಎರಚುವುದಕ್ಕೂ ಬಹಳ ಅಂತರವಿದೆ. ಕೆಳಗೆ ಒಬ್ಬರು ಪಂಪನ್ನು ಒತ್ತಬೇಕು. ಮೇಲೆ ಹತ್ತಿದವನು ಉದ್ದನೆಯ ಕೊಳವೆಯ ಮೂತಿಯನ್ನು ಹಿಡಿದು ಗೊನೆಯ ಒಳಹೊರಗೆಲ್ಲ ತೋಯಿಸಬೇಕು. ನುರಿತವರು ಮರವನ್ನು ಬಾಗಿಸಿ ಮತ್ತೊಂದಕ್ಕೆ ದಾಟಿಕೊಳ್ಳುತ್ತ ಸಾಗಬೇಕು. ಇದಕ್ಕಿಂತಲೂ ದೊಡ್ಡ ತೊಡಕೆಂದರೆ ಮಳೆ. ಬೋರ್ಡೋ ಸೀಮೆಯಲ್ಲಿ ವರ್ಷವಿಡೀ ಬೀಳುವಷ್ಟು ಮಳೆಯು ಆಗುಂಬೆಯ ಸುತ್ತಮುತ್ತ ಕೆಲವೇ ದಿನಗಳಲ್ಲಿ ಸುರಿದುಬಿಡಬಹುದು. ನುಣುಪಾದ ಅಡಿಕೆಯ ಕಾಯಿಯ ಮೇಲೆ ಎರಚಿದ ಔಷಧವು ಅಂತಹ ಮಳೆಯಲ್ಲಿ ನಿಲ್ಲುವುದೆಂತು?

ಕೋಲ್ಮನ್ನರ ಮುಖ್ಯ ಸಾಧನೆಯನ್ನು ಕಾಣಬೇಕಾದುದು ಇಲ್ಲಿಯೇ. ಔಷಧವು ಹೊಸದಾಗಿರಲಿಲ್ಲ. ಅದು ಬೇಕಾದ ಸ್ಥಳದಲ್ಲಿ ಬೇಕಾದಷ್ಟು ಕಾಲ ನಿಲ್ಲುವಂತೆ ಮಾಡಿದುದು ಹೊಸದು. ರಾಳವನ್ನು ವಾಷಿಂಗ್ ಸೋಡಾದೊಡನೆ ಕುದಿಸಿ ಪಡೆದ ಅಂಟನ್ನು ಅವರು ದ್ರಾವಣಕ್ಕೆ ಬೆರೆಸಿದರು. ಅಂಟಿನ ಬಲದಿಂದ ನೀಲಿಯ ತೆಳುಪೊರೆಯು ಕಾಯಿಗಳನ್ನು ಬಿಗಿಯಾಗಿ ಹಿಡಿದು ಮಳೆಯಲ್ಲಿಯೂ ಉಳಿಯಿತು. ರೋಗ ಕಾಣಿಸಿಕೊಂಡ ಮೇಲೆ ಔಷಧ ಹುಡುಕುವುದರಿಂದ ಪ್ರಯೋಜನವಿಲ್ಲವೆಂದೂ, ಮುಂಗಾರು ಇಳಿಯುವ ಮೊದಲೇ ಸಿಂಪಡಿಸಿ, ಮಳೆ ಮುಂದುವರಿದರೆ ಮತ್ತೊಮ್ಮೆ ಸಿಂಪಡಿಸಬೇಕೆಂದೂ ಬೆಳೆಗಾರರಿಗೆ ತಿಳಿಸಿಕೊಡಲಾಯಿತು. ಇಂದಿಗೂ ತೋಟಗಾರಿಕೆಯ ಸಲಹೆಯು ಈ ಜಾಡಿನಲ್ಲಿಯೇ ನಡೆದಿದೆ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು ಸೇರಿದ ಶೇಕಡ ಒಂದರ ದ್ರಾವಣವನ್ನು ಮಳೆಗಾಲದ ಮುನ್ನ ಒಮ್ಮೆ, ೪೦ರಿಂದ ೪೫ ದಿನಗಳ ಅನಂತರ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ.

ಈ ದ್ರಾವಣದ ತಯಾರಿಕೆಯಲ್ಲಿಯೂ ಒಂದು ಶಿಸ್ತು ಇದೆ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆ ಪಾತ್ರೆಗಳಲ್ಲಿ ಕರಗಿಸಿಕೊಂಡು, ತುತ್ತದ ನೀರನ್ನು ಸುಣ್ಣದ ತಿಳಿಹಾಲಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆಯನ್ನು ಬಳಸಬಾರದು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿದ ಕುಡುಗೋಲನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಲೇಪ ಕಂಡುಬಂದರೆ ತುತ್ತ ಇನ್ನೂ ಉಳಿದಿದೆಯೆಂದು ತಿಳಿದು ಸುಣ್ಣವನ್ನು ಹೆಚ್ಚಿಸಬೇಕು. ಮಾಡಿದ ದ್ರಾವಣವನ್ನು ಅದೇ ದಿನ ಬಳಸಿ ಮುಗಿಸಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿಸುವ ರಸಾಯನಶಾಸ್ತ್ರದ ಪಾಠವೊಂದನ್ನು ಅಕ್ಷರ ಬಾರದ ತೋಟದ ಆಳು ಕೂಡ ತಪ್ಪಿಲ್ಲದೆ ನಡೆಸುವಂತಾದುದು ಆ ಕಾಲದ ಕೃಷಿಪ್ರಚಾರದ ಹಿರಿಮೆ.

ತುತ್ತದ ಒಳಗಿನ ರಚನೆ

ಮೈಲುತುತ್ತದ ನೀಲಿಯ ಹರಳು ರಸಾಯನಶಾಸ್ತ್ರದ ದೃಷ್ಟಿಯಿಂದ ಒಂದು ಸೋಜಿಗ. ಕಾಯಿಸಿದರೆ ನೀರು ಆವಿಯಾಗಿ ಹರಳು ಬಿಳಿಯ ಪುಡಿಯಾಗುತ್ತದೆ. ನೀರು ತಾಗಿದರೆ ನೀಲಿ ಮರಳುತ್ತದೆ. ಈ ಬಣ್ಣದ ಗುಟ್ಟನ್ನು ಬಿಡಿಸುವ ಸಿದ್ಧಾಂತವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಆಲ್‌ಫ್ರೆಡ್ ವರ್ನರ್ ೧೮೯೩ರಲ್ಲಿ ಮಂಡಿಸಿದನು. ಲೋಹದ ಅಯಾನು ತನ್ನ ಸುತ್ತ ಗೊತ್ತಾದ ಸಂಖ್ಯೆಯ ಅಣುಗಳನ್ನು ಗೊತ್ತಾದ ದಿಕ್ಕುಗಳಲ್ಲಿ ಹಿಡಿದು ನಿಲ್ಲಿಸಿಕೊಳ್ಳುತ್ತದೆ ಎಂಬುದು ಅದರ ಸಾರ. ಇದಕ್ಕಾಗಿ ವರ್ನರನಿಗೆ ೧೯೧೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರದ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳು ನಿಂತಿವೆ. ಮೇಲೂ ಕೆಳಗೂ ಸಲ್ಫೇಟುಗಳು ಒಂದು ತಾಮ್ರವನ್ನು ಮತ್ತೊಂದಕ್ಕೆ ಕೊಂಡಿಯಂತೆ ಜೋಡಿಸಿ ಸರಪಳಿಯನ್ನು ಹೆಣೆದಿವೆ. ಹೀಗೆ ಲೋಹದ ಅಯಾನುಗಳನ್ನು ಸೇತುವೆಯಂತಹ ಅಣುಗಳು ಜೋಡಿಸುತ್ತ ಹೋಗಿ ಸರಪಳಿಯಾಗಿ, ಹಾಳೆಯಾಗಿ, ಜಾಲವಾಗಿ ಬೆಳೆಯುವ ವಸ್ತುಗಳಿಗೆ ಕೋಆರ್ಡಿನೇಷನ್ ಪಾಲಿಮರುಗಳೆಂದು ಹೆಸರು. ನಮ್ಮ ಅಂಗಡಿಗಳಲ್ಲಿ ತೂಗಿ ಕೊಡುವ ತುತ್ತವೇ ಅವುಗಳಿಗೆ ಸರಳವಾದ ಒಂದು ನಿದರ್ಶನ.

ಸುಣ್ಣದೊಡನೆ ಬೆರೆತಾಗ ತುತ್ತದ ಈ ಸರಪಳಿಯು ಕಳಚಿ, ತಾಮ್ರವು ನೀರಿನಲ್ಲಿ ಬಹುಮಟ್ಟಿಗೆ ಕರಗದ ಸೂಕ್ಷ್ಮಕಣಗಳಾಗಿ ಮಾರ್ಪಡುತ್ತದೆ. ಬರಿಯ ತುತ್ತವನ್ನು ಎರಚಿದರೆ ತಾಮ್ರವೆಲ್ಲವೂ ಒಮ್ಮೆಲೇ ಬಿಡುಗಡೆಯಾಗಿ ಎಲೆ ಕಾಯಿಗಳನ್ನೇ ಸುಡುತ್ತದೆ. ಸುಣ್ಣ ಸೇರಿದಾಗ ತಾಮ್ರವು ಕಣದೊಳಗೆ ಬಂಧಿಯಾಗಿದ್ದು, ತೇವ ತಾಗಿದಾಗ ಅಲ್ಪಸ್ವಲ್ಪವಾಗಿ ಹೊರಬರುತ್ತದೆ. ಬೀಜಕಣವನ್ನು ಕೊಲ್ಲಲು ಆ ಅಲ್ಪವೇ ಸಾಕು. ತಾಮ್ರವು ಜೀವಕೋಶದ ಪ್ರೋಟೀನುಗಳಲ್ಲಿರುವ ಗಂಧಕ, ಸಾರಜನಕಗಳನ್ನು ಹಿಡಿದು ಕಿಣ್ವಗಳ ಕೆಲಸವನ್ನು ಏಕಕಾಲಕ್ಕೆ ಹಲವು ಕಡೆ ಕೆಡಿಸುತ್ತದೆ. ಬ್ಯಾಕ್ಟೀರಿಯಾಗಳ ಮೇಲೂ ತಾಮ್ರದ ಪರಿಣಾಮ ಇದೇ ಬಗೆಯದು. ಆದ್ದರಿಂದಲೇ ನಿಂಬೆಜಾತಿಯ ಗಿಡಗಳ ಕಜ್ಜಿರೋಗದಂತಹ ಬ್ಯಾಕ್ಟೀರಿಯಾ ರೋಗಗಳಿಗೂ ತಾಮ್ರದ ಔಷಧಗಳು ಬಳಕೆಯಲ್ಲಿವೆ.

ನಿರ್ದೇಶಕರಾಗಿ

ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದ ಕೃಷಿ ಇಲಾಖೆಯು ಸ್ವತಂತ್ರ ರೂಪ ತಳೆದಾಗ ಕೋಲ್ಮನ್ನರು ಅದರ ಮೊದಲ ನಿರ್ದೇಶಕರಾದರು. ೧೯೧೩ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆಯು ಆರಂಭವಾಯಿತು. ಮುಂದೆ ಅದು ಕಾಲೇಜಾಗಿ ಬೆಳೆದು, ೧೯೬೪ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ತಳಹದಿಯಾಯಿತು. ತುಮಕೂರು ಜಿಲ್ಲೆಯೂ ಸೇರಿದಂತೆ ಹಳೆಯ ಮೈಸೂರಿನ ಹಳ್ಳಿಗಳಿಗೆ ಕೃಷಿಯ ತಿಳಿವಳಿಕೆಯನ್ನು ಹೊತ್ತು ಹೋದ ತಲೆಮಾರುಗಳಿಗೆ ಹೆಬ್ಬಾಳವೇ ಗುರುಮನೆ.

ಆಡಳಿತದ ಹೊರೆ ಹೆಚ್ಚಿದರೂ ಕೋಲ್ಮನ್ನರು ಸಂಶೋಧನೆಯನ್ನು ಕೈಬಿಡಲಿಲ್ಲ. ಶ್ರೀಗಂಧದ ಮರಗಳನ್ನು ಕೊಲ್ಲುತ್ತಿದ್ದ ಸ್ಪೈಕ್ ರೋಗವು ಕಸಿಯ ಮೂಲಕ ಮರದಿಂದ ಮರಕ್ಕೆ ಅಂಟುವುದೆಂದು ಅವರು ೧೯೧೭ರಲ್ಲಿ ತೋರಿಸಿಕೊಟ್ಟರು. ಆ ರೋಗಕ್ಕೆ ಫೈಟೊಪ್ಲಾಸ್ಮ ಎಂಬ ಗೋಡೆಯಿಲ್ಲದ ಬ್ಯಾಕ್ಟೀರಿಯಾ ಕಾರಣವೆಂಬುದು ದೃಢಪಟ್ಟದ್ದು ಎಷ್ಟೋ ವರ್ಷಗಳ ಅನಂತರ. ಬಯಲುಸೀಮೆಯ ಜೀವಾಳವಾದ ರಾಗಿಯ ಬೇಸಾಯವನ್ನು ಕುರಿತು ೧೯೨೦ರಲ್ಲಿ ಅವರು ಪತ್ರಿಕೆಯೊಂದನ್ನು ಹೊರತಂದರು. ಹೊರದೇಶದ ಪದ್ಧತಿಯನ್ನು ಕುರುಡಾಗಿ ಹೇರದೆ, ಕೂರಿಗೆ ಕುಂಟೆಗಳ ಈ ನಾಡಿನ ಬೇಸಾಯವನ್ನು ಮೊದಲು ಅರಿತುಕೊಳ್ಳಬೇಕೆಂಬ ನಿಲುವು ಅದರಲ್ಲಿ ಸ್ಪಷ್ಟವಾಗಿದೆ.

ಕಾಫಿಯ ಬೆಳೆಗೆ ತಗಲುವ ರೋಗ ಮತ್ತು ಕೀಟಗಳ ಸಂಶೋಧನೆಗಾಗಿ ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗಕೇಂದ್ರವು ಸ್ಥಾಪನೆಯಾಯಿತು. ಎಲೆತುಕ್ಕಿನ ರೋಗದಿಂದ ಕಾಫಿಯನ್ನು ಕಾಪಾಡಲು ಬೋರ್ಡೋ ದ್ರಾವಣವು ಅಲ್ಲಿಯೂ ಆಸರೆಯಾಯಿತು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿದು ಬರುವ ಹೊತ್ತಿಗೆ ಅಲ್ಲಿ ಬೆಳೆಯಬೇಕಾದ ಬೆಳೆಗಳ ಪ್ರಯೋಗಕ್ಕಾಗಿ ಕ್ಷೇತ್ರವೊಂದನ್ನು ತೆರೆಯಲಾಯಿತು. ಕಬ್ಬಿನ ಹೊಸ ತಳಿಗಳನ್ನು ರೂಪಿಸುವ ಕೆಲಸದಲ್ಲಿ ಕೋಲ್ಮನ್ನರು ಸ್ವತಃ ತೊಡಗಿದರು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆಯು ತಲೆಯೆತ್ತಿದಾಗ ಅದರ ಹಿಂದಿನ ಪ್ರೇರಕಶಕ್ತಿಗಳಲ್ಲಿ ಅವರೂ ಒಬ್ಬರಾಗಿದ್ದರು.

೧೯೩೪ರಲ್ಲಿ ಅವರು ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅವರು ಹಾಕಿಕೊಟ್ಟ ದಾರಿಯಲ್ಲಿ ಎಂ. ಜೆ. ನರಸಿಂಹನ್ ಮೊದಲಾದ ಮೈಸೂರಿನ ವಿಜ್ಞಾನಿಗಳು ಫೈಟಾಫ್ತೊರದ ಅಧ್ಯಯನವನ್ನು ಮುನ್ನಡೆಸಿದರು. ಪರದೇಶದ ಒಬ್ಬ ತಜ್ಞರು ತೆರಳಿದ ಮೇಲೂ ಕೆಲಸ ನಿಲ್ಲದೆ ನಡೆದುದೇ ಆ ತಜ್ಞರ ಗುರುತ್ವಕ್ಕೆ ಸಾಕ್ಷಿ. ೧೯೫೪ರ ಸೆಪ್ಟೆಂಬರಿನಲ್ಲಿ ಕೋಲ್ಮನ್ನರು ಇಹಲೋಕವನ್ನು ತ್ಯಜಿಸಿದರು.

ಲೋಹೌಷಧಗಳ ಹೊಸ ಯುಗ

ಕೋಲ್ಮನ್ನರ ಕೊಳೆರೋಗದ ಪತ್ರಿಕೆ ಹೊರಬಂದ ೧೯೧೦ನೆಯ ವರ್ಷದಲ್ಲಿಯೇ ಜರ್ಮನಿಯಲ್ಲಿ ಪಾಲ್ ಎರ್ಲಿಕ್ ರೂಪಿಸಿದ ಆರ್ಸೆನಿಕ್ಕಿನ ಔಷಧವು ಮಾರುಕಟ್ಟೆಗೆ ಬಂದು ಮಾನವರ ಸಿಫಿಲಿಸ್ ರೋಗಕ್ಕೆ ಮೊದಲ ಬಾರಿಗೆ ಪರಿಣಾಮಕಾರಿಯಾದ ಚಿಕಿತ್ಸೆ ದೊರೆಯಿತು. ಕೆಲವು ವರ್ಷಗಳ ಬಳಿಕ ಕಲ್ಕತ್ತೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿಯಿಂದ ಕಾಲಾ ಆಜಾರ್ ಜ್ವರಕ್ಕೆ ಔಷಧ ಸಿದ್ಧಪಡಿಸಿದರು. ಅನಂತರ ಪೆನಿಸಿಲಿನ್ ಮುಂತಾದ ಪ್ರತಿಜೈವಿಕಗಳ ಕಾಲ ಬಂದು ಲೋಹೌಷಧಗಳು ಹಿನ್ನೆಲೆಗೆ ಸರಿದುವು.

ಆದರೆ ಬ್ಯಾಕ್ಟೀರಿಯಾಗಳು ಪ್ರತಿಜೈವಿಕಗಳನ್ನು ಎದುರಿಸಲು ಕಲಿತುಕೊಂಡಿವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕು ೨೦೧೯ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು ೧೨ ಲಕ್ಷ ೭೦ ಸಾವಿರ ಜನರ ಮರಣಕ್ಕೆ ನೇರ ಕಾರಣವಾಯಿತೆಂದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಇಂತಹ ಸಂಕಟದಲ್ಲಿ ವಿಜ್ಞಾನಿಗಳ ದೃಷ್ಟಿ ಮತ್ತೆ ತಾಮ್ರ, ಬೆಳ್ಳಿ, ಸತು, ಕೋಬಾಲ್ಟ್‌ಗಳ ಕಡೆಗೆ ಹೊರಳಿದೆ. ಲೋಹವು ಜೀವಕೋಶವನ್ನು ಒಂದೇ ಕಡೆ ಹೊಡೆಯದೆ ಹಲವು ಕಡೆ ಹೊಡೆಯುವುದರಿಂದ ಅದನ್ನು ಎದುರಿಸುವುದು ರೋಗಾಣುವಿಗೆ ಕಷ್ಟ.

ಇಲ್ಲಿಯೂ ಎದುರಾಗುವ ಪ್ರಶ್ನೆ ಮಲೆನಾಡಿನ ತೋಟದಲ್ಲಿ ಎದುರಾದುದೇ. ಲೋಹವು ಒಮ್ಮೆಲೇ ಬಿಡುಗಡೆಯಾದರೆ ರೋಗಿಯ ಜೀವಕೋಶಗಳಿಗೂ ವಿಷ. ಬಿಡುಗಡೆಯೇ ಆಗದಿದ್ದರೆ ರೋಗಾಣುವಿಗೆ ಏನೂ ಆಗದು. ಇದಕ್ಕೆ ಉತ್ತರವಾಗಿ ಲೋಹದ ಅಯಾನುಗಳನ್ನು ಕೋಆರ್ಡಿನೇಷನ್ ಪಾಲಿಮರಿನ ಜಾಲದೊಳಗೆ ಹಿಡಿದಿಟ್ಟು, ಗಾಯದ ತೇವದಲ್ಲಿ ಮೆಲ್ಲಮೆಲ್ಲನೆ ಹೊರಬರುವಂತೆ ಮಾಡುವ ಪ್ರಯತ್ನಗಳು ನಡೆಯುತ್ತಿವೆ. ಸುಟ್ಟ ಗಾಯಗಳಿಗೆ ಆಸ್ಪತ್ರೆಗಳಲ್ಲಿ ಹಚ್ಚುವ ಬಿಳಿಯ ಮುಲಾಮಿನಲ್ಲಿರುವ ಸಿಲ್ವರ್ ಸಲ್ಫಡಯಜೀನ್ ಇಂತಹ ವಸ್ತುವೇ. ೧೯೬೮ರಲ್ಲಿ ಬಳಕೆಗೆ ಬಂದ ಅದರಲ್ಲಿ ಬೆಳ್ಳಿಯ ಅಯಾನುಗಳು ಔಷಧದ ಅಣುಗಳಿಂದ ಜೋಡಿಸಲ್ಪಟ್ಟು ಪಾಲಿಮರಿನ ರೂಪದಲ್ಲಿವೆ. ಲೋಹ ಮತ್ತು ಸಾವಯವ ಅಣುಗಳಿಂದ ಟೊಳ್ಳಾದ ಜಾಲಗಳನ್ನು ಕಟ್ಟುವ ವಿದ್ಯೆಯನ್ನು ಬೆಳೆಸಿದ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ ೨೦೨೫ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇಂತಹ ಹೊಸ ಜಾಲಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಪರೀಕ್ಷೆಗೊಂಡಿವೆ. ಮನುಷ್ಯರ ದೇಹದಲ್ಲಿ ಅವುಗಳ ಸುರಕ್ಷತೆಯನ್ನು ಸಾಬೀತುಪಡಿಸುವ ದೀರ್ಘ ಪರಿಶ್ರಮ ಇನ್ನೂ ಬಾಕಿಯಿದೆ.

ತಾಮ್ರದ ನೂರು ವರ್ಷಗಳ ಅನುಭವವು ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ತಾಮ್ರವು ಮಣ್ಣಿನಲ್ಲಿ ಕೊಳೆತು ಮಾಯವಾಗುವ ವಸ್ತುವಲ್ಲ. ದಶಕಗಳ ಕಾಲ ಸಿಂಪಡಿಸಿದ ತೋಟಗಳ ಮೇಲ್ಮಣ್ಣಿನಲ್ಲಿ ಅದು ಶೇಖರವಾಗುತ್ತ ಹೋಗಿ ಎರೆಹುಳುಗಳಿಗೂ, ಉಪಕಾರಿ ಬ್ಯಾಕ್ಟೀರಿಯಾಗಳಿಗೂ ತೊಂದರೆ ಕೊಡಬಲ್ಲುದು. ಹಲವು ದೇಶಗಳಲ್ಲಿ ತಾಮ್ರಕ್ಕೆ ಬಗ್ಗದ ಸಸ್ಯರೋಗದ ಬ್ಯಾಕ್ಟೀರಿಯಾಗಳೂ ಕಂಡುಬಂದಿವೆ. ಮಣ್ಣಿನ ಉಪಕಾರಿ ಬ್ಯಾಕ್ಟೀರಿಯಾಗಳ ಅಧ್ಯಯನದಿಂದಲೇ ತಮ್ಮ ವಿದ್ವಜ್ಜೀವನವನ್ನು ಆರಂಭಿಸಿದ ಕೋಲ್ಮನ್ನರ ಪರಂಪರೆಯು ಹಿತಮಿತವನ್ನೇ ಬೋಧಿಸುತ್ತದೆ. ಬೇಕಾದಲ್ಲಿ, ಬೇಕಾದಾಗ, ಬೇಕಾದಷ್ಟೇ ಎಂಬುದು ಔಷಧದ ಧರ್ಮ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮಳೆ ಕಡಿಮೆಯಾದುದರಿಂದ ಕೊಳೆರೋಗದ ಹಾವಳಿ ಮಲೆನಾಡಿನಷ್ಟಿಲ್ಲ. ಆದರೂ ಮಳೆ ಹಿಡಿದು ನಿಂತ ವರ್ಷಗಳಲ್ಲಿ ಇಲ್ಲಿಯ ತೋಟಗಾರರೂ ತುತ್ತ ಸುಣ್ಣಗಳನ್ನು ನೆನೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಮರ ಹತ್ತದೆಯೇ ನೆಲದಿಂದ ಔಷಧ ಸಿಂಪಡಿಸುವ ಉದ್ದನೆಯ ದೋಟಿಗಳು ಬಂದಿವೆ. ಸಾಧನ ಬದಲಾದರೂ ಪಾತ್ರೆಯೊಳಗಿನ ನೀಲಿಯ ದ್ರಾವಣ ಬದಲಾಗಿಲ್ಲ.

ಕೋಲ್ಮನ್ನರು ಹೊಸ ಧಾತುವನ್ನು ಕಂಡುಹಿಡಿದವರಲ್ಲ, ಹೊಸ ಸಿದ್ಧಾಂತವನ್ನು ಸ್ಥಾಪಿಸಿದವರೂ ಅಲ್ಲ. ಇದ್ದ ತಿಳಿವನ್ನು ಬೇಕಾದವರ ಅಂಗಳಕ್ಕೆ ತಲಪಿಸಿ, ಅದು ಮಳೆಗೆ ಕೊಚ್ಚಿಹೋಗದಂತೆ ಅಂಟಿಸಿ ನಿಲ್ಲಿಸಿದವರು. ವಿದ್ಯೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕಲಿಸಿದುದು ಮಕ್ಕಳ ಮನಸ್ಸಿನಲ್ಲಿ ನಿಂತು, ಕಷ್ಟಕಾಲದ ಮಳೆ ಸುರಿದಾಗ ಮೆಲ್ಲಮೆಲ್ಲನೆ ಒದಗಿ ಬರುವಂತಾದರೆ ಅಧ್ಯಾಪಕರ ಶ್ರಮವೂ, ಶಾಲೆ ಕಟ್ಟಿಸಿದ ದಾನಿಗಳ ಔದಾರ್ಯವೂ ಸಾರ್ಥಕ. ಮುಂಗಾರಿಗೆ ಮುನ್ನ ತೋಟದಲ್ಲಿ ಸಿದ್ಧತೆ ನಡೆಯುವ ಪ್ರತಿ ವರ್ಷವೂ ಆ ಮಹನೀಯರ ನೆನಪು ನಾಡಿನಲ್ಲಿ ಹಸುರಾ

ಗಿರಲಿ.